ತೋಟದ ಮಳೆ ಲೆಕ್ಕ ಲೋಕಕ್ಕೆ ಬಿಟ್ಟಿದ್ದು: ಒಪ್ಪಿಗೆ ಕೂಡಿಸಿದ ಕಥೆ

ಮೂಡಿಗೆರೆ ತಾಲ್ಲೂಕಿನ ಹದಿನಾಲ್ಕು ಕಾಫಿ ತೋಟಗಳ ಮಳೆ ಲೆಕ್ಕ ಕಳೆದ ತಿಂಗಳು ಇಂಟರ್‌ನೆಟ್ಟಿಗೆ ಏರಿತು. 1961ರಿಂದ 2024ರವರೆಗಿನದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅರ್ಜಿ ಬೇಡ, ಶುಲ್ಕ ಇಲ್ಲ. ಏರಿಸುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅದಕ್ಕೆ ಮುಂಚೆ ತೋಟದವರ ಒಪ್ಪಿಗೆ ಕೂಡಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು. ಸಕಲೇಶಪುರ, ಸೋಮವಾರಪೇಟೆ ಕಡೆಯಿಂದ ಮೂರ್ನಾಲ್ಕು ಜನ ಫೋನ್ ಮಾಡಿ "ನಮ್ಮಲ್ಲೂ ಪುಸ್ತಕ ಇದಾವೆ, ಏನೇನು ಮಾಡ್ಬೇಕು?" ಎಂದು ಕೇಳಿದರು. ಪ್ರತಿಯೊಬ್ಬರಿಗೂ ಮೊದಲಿಂದ ಹೇಳುವುದಕ್ಕಿಂತ ಒಮ್ಮೆ ಬರೆದಿಡುವುದು ವಾಸಿ ಅನ್ನಿಸಿತು.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ತವರು ಬಣಕಲ್ ಹತ್ತಿರ. ಆರು ಎಕರೆ ರೊಬಸ್ಟಾ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು.

ಮಳೆ ಪುಸ್ತಕ ಅಂದರೇನು ಎಂದು ಬಯಲುಸೀಮೆಯವರಿಗೆ ಹೇಳಬೇಕು. ನಮ್ಮ ಕಡೆ ತಕ್ಕಮಟ್ಟಿನ ಯಾವ ತೋಟಕ್ಕೆ ಹೋದರೂ ಕಣದ ಪಕ್ಕದಲ್ಲಿ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎಂಟರ ಸುಮಾರಿಗೆ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಅದರ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಮಲೆನಾಡಿನ ತೋಟಗಳು ಮಾತ್ರ ಇವತ್ತಿಗೂ ಇಂಚು, ಸೆಂಟ್ಸ್ ಬಿಟ್ಟಿಲ್ಲ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್. ಮಳೆಗಾಲದಲ್ಲಿ ಮದುವೆ ಮನೆಗೆ ಹೋದರೂ ಮೊದಲ ಮಾತು "ನಿಮ್ಮಲ್ಲೆಷ್ಟು?" ಅಂತ. "ಎರಡು ಮೂವತ್ತೈದು" ಅಂದರೆ 59.7 ಮಿಲಿಮೀಟರ್.

ಶುರುವಾಗಿದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿಯಿಂದ. ಹೂಮಳೆ ಹಿಂದೆಮುಂದೆ ಆಗುತ್ತಿರುವುದರ ಬಗ್ಗೆ ಆಕೆ ಕೆಲಸ ಮಾಡುತ್ತಿದ್ದಳು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಆ ಮಳೆ ತಪ್ಪಿದರೆ ಅಥವಾ ಹೂ ಅರಳಿದ ದಿನವೇ ಜಡಿದರೆ ಆ ವರ್ಷದ ಫಸಲಿಗೇ ಪೆಟ್ಟು. ಹವಾಮಾನ ಇಲಾಖೆಯ ಚೌಕಗಳ ದತ್ತಾಂಶ 1901ರಿಂದ ಇದೆ, ಪುಕ್ಕಟೆಯಾಗಿಯೂ ಸಿಗುತ್ತದೆ. ಆದರೆ ಅದರ ಒಂದೊಂದು ಚೌಕ ಕಾಲು ಡಿಗ್ರಿ, ಅಂದರೆ ಹೆಚ್ಚುಕಮ್ಮಿ 27 ಕಿಲೋಮೀಟರ್ ಅಗಲ. ಕೊಟ್ಟಿಗೆಹಾರದಿಂದ ಮೂಡಿಗೆರೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಯ ಮಳೆಗೂ ಇಲ್ಲಿಯ ಮಳೆಗೂ ಹೋಲಿಕೆಯೇ ಇಲ್ಲ ಎಂಬುದು ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಾಪಕ ಹಾಕಿದೆ ನಿಜ, ಆದರೆ ಅವು ಈಚಿನವು. ಅರವತ್ತು ವರ್ಷದ ಲೆಕ್ಕ ಬೇಕಾದರೆ ತೋಟದ ಮನೆಗಳ ಅಟ್ಟವನ್ನೇ ಹುಡುಕಬೇಕು.

"ಒಂದೆರಡು ಪುಸ್ತಕ ಕೊಡಿಸಿ ಮೇಡಂ" ಎಂದು ಆಕೆ ಕೇಳಿದ್ದು ಅಷ್ಟೇ. ಅವಳೊಬ್ಬಳಿಗೆ ಕೊಡಿಸಿದರೆ ಅವಳ ಪ್ರಬಂಧದಲ್ಲಿ ನಾಲ್ಕು ಗ್ರಾಫ್ ಆಗಿ ಅಲ್ಲಿಗೆ ಮುಗಿಯುತ್ತದೆ. ಆ ಪ್ರಬಂಧವೂ ದುಬಾರಿ ಜರ್ನಲ್ ಒಂದರಲ್ಲಿ ಬಂದರೆ ಲೆಕ್ಕ ಕೊಟ್ಟ ಬೆಳೆಗಾರನೇ ಅದನ್ನು ಓದಲಾರ. 2025ರ ಜನವರಿಯಿಂದ ಕೇಂದ್ರದ 'ಒಂದು ದೇಶ, ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ಕಾಲೇಜುಗಳಿಗೆ ಸುಮಾರು 13,000 ಜರ್ನಲ್‌ಗಳು ತೆರೆದುಕೊಂಡಿವೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ನಮ್ಮ ಲೈಬ್ರರಿಯಲ್ಲಿ ಕೂತರೆ ನನಗೆ ಸಿಗುತ್ತದೆ. ನನ್ನ ಅಪ್ಪನಿಗೆ ಸಿಗುವುದಿಲ್ಲ. ಹಾಗಾಗಿ ಮಾಡುವುದಾದರೆ ಎಲ್ಲರಿಗೂ ತೆರೆದಿಡುವ ಹಾಗೆ ಮಾಡೋಣ ಎಂದೆ. ಪಾಪ, ಆಕೆಯ ಪ್ರಬಂಧಕ್ಕೆ ಒಂದು ವರ್ಷ ತಡವಾಯಿತು, ಗೊಣಗಲಿಲ್ಲ.

ಮೊದಲು ಒಂದು ಕಚೇರಿಗೆ ಹೋದೆವು, ಯಾವುದು ಎಂದು ಬೇಡ. "ಇಂಥ ದತ್ತಾಂಶ ಹೊರಗೆ ಬಿಡೋಕೆ ಎನ್‌ಒಸಿ ಬೇಕಾಗುತ್ತೆ" ಅಂದರು, ಅಂದರೆ ನಮ್ಮ ಆಕ್ಷೇಪಣೆ ಇಲ್ಲ ಎಂಬ ಪತ್ರ. ಯಾವ ನಿಯಮದ ಪ್ರಕಾರ ಎಂದು ಕೇಳಿದರೆ "ಕೊಟ್ಟು ಹೋಗಿ, ನೋಡ್ತೀವಿ". ಅರ್ಜಿ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದೆವು. ಮಳೆಗಾಲ ಹಿಡಿಯಿತು, ಬಿಟ್ಟಿತು. ಆ ಫೈಲು ಎಲ್ಲಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ವಕೀಲರೊಬ್ಬರು "ಮನೆಯವರು ತಮ್ಮ ಮನೆಯಂಗಳದ ಮಳೆ ಅಳೆದು ಬರೆದಿಟ್ಟಿದ್ದಕ್ಕೆ ಯಾರ ಎನ್‌ಒಸಿ? ಮನೆಯವರು ಒಪ್ಪಿದರೆ ಸಾಕು" ಎಂದರು. ನೀವು ಈ ದಾರಿ ಹಿಡಿಯುವುದಾದರೆ ಕಚೇರಿಗಿಂತ ಮೊದಲು ವಕೀಲರನ್ನು ಕಾಣಿ. ನಮ್ಮವರು ಫೀಸು ತೆಗೆದುಕೊಳ್ಳಲಿಲ್ಲ, ಒಂದು ಕೇಜಿ ಮೆಣಸು ಕೊಟ್ಟೆವು.

ಆದರೆ ಮನೆಯವರು ಅಂದರೆ ಯಾರು? ಗಂಟು ಬಿದ್ದಿದ್ದೇ ಅಲ್ಲಿ. ಒಂದು ತೋಟ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮೂರಾಗಿದೆ. ಪುಸ್ತಕ ದೊಡ್ಡವರ ಮನೆಯಲ್ಲಿ, ಮಾಪಕ ನಿಂತ ಜಾಗ ಚಿಕ್ಕವರ ಪಾಲಿಗೆ, ಇಬ್ಬರಿಗೂ ಮಾತಿಲ್ಲ. ಇನ್ನೊಂದರಲ್ಲಿ ಯಜಮಾನರು ತೀರಿಕೊಂಡು ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. ಮತ್ತೊಂದು ತೋಟವೇ ಕೈ ಬದಲಾಯಿಸಿದೆ. ಕೊಂಡವರ ಬಳಿ ಪುಸ್ತಕ ಇದೆ, ಆದರೆ ಅದರಲ್ಲಿರುವುದು ಮಾರಿದವರ ಸಂಸಾರದ ಸಂಗತಿ. ಯಾಕೆಂದರೆ ಮಳೆ ಪುಸ್ತಕದಲ್ಲಿ ಮಳೆಯೊಂದೇ ಇರುವುದಿಲ್ಲ. ಷರಾ ಎಂಬ ಕಾಲಮ್ಮಿನಲ್ಲಿ ರೈಟರ್ ತನಗೆ ತೋಚಿದ್ದನ್ನೆಲ್ಲ ಬರೆದಿರುತ್ತಾನೆ. ಇಂಥ ದಿನ ಹೂ ಅರಳಿತು, ಇಂಥ ದಿನ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದದ್ದು, ಆಳುಗಳ ಬಟವಾಡೆ, ಕೊಯ್ದ ಬುಷೆಲ್ಲು, ಕೆಳಗಿನ ಗದ್ದೆಗೆ ಆನೆ ಬಂದದ್ದು, ಅಮ್ಮಾವರಿಗೆ ಆಪರೇಷನ್, ಬ್ಯಾಂಕಿನವರು ಬಂದು ಹೋದದ್ದು. ಒಂದು ಪುಸ್ತಕದಲ್ಲಿ ಗಂಧದ ಮರಗಳು ಎಲ್ಲೆಲ್ಲಿವೆ ಎಂದು ಹಳ್ಳದ ಗುರುತು ಸಮೇತ ಪಟ್ಟಿಯೇ ಇತ್ತು.

ಮೊದಲ ಸಭೆ ಸೊಸೈಟಿಯ ಹಾಲಿನಲ್ಲಿ, ರೊಬಸ್ಟಾ ಕೊಯ್ಲು ಮುಗಿದ ಮೇಲೆ. (ನವೆಂಬರಿನಿಂದ ಫೆಬ್ರವರಿವರೆಗೆ ಯಾವ ಸಭೆಯನ್ನೂ ಇಟ್ಟುಕೊಳ್ಳಬೇಡಿ, ಒಬ್ಬರೂ ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬರುವ ಮನಸ್ಸಿದ್ದರೂ ದಾರಿ ಇರುವುದಿಲ್ಲ, ಕರೆಂಟೂ ಇರುವುದಿಲ್ಲ.) ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದಲೇ ಅರ್ಧ ಗಂಟೆ ಭಾಷಣ ಮಾಡಿದರು. ವಿಜ್ಞಾನಕ್ಕೆ ನಮ್ಮೂರಿನ ಕೊಡುಗೆ, ಜ್ಞಾನ ಎಲ್ಲರ ಸ್ವತ್ತು, ಮುಂದಿನ ಪೀಳಿಗೆ. ಅವರು ಹೇಳಿದಷ್ಟೂ ಜನ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. ಕೊನೆಗೆ ಹಿರಿಯರೊಬ್ಬರು ಎದ್ದರು.

"ಅಲ್ಲ ಮಾರಾಯ್ತಿ, ಎಲ್ಲ ಸರಿ. ನಾಳೆ ಇನ್ಶೂರೆನ್ಸ್‌ನೋರು ಇದನ್ನೇ ಹಿಡ್ಕಂಡು ನಿಮ್ಮಲ್ಲಿ ಮಳೆ ಅಷ್ಟು ಬಂದೇ ಇಲ್ಲ ಅಂದ್ರೆ?"

ಮೆಣಸು, ಅಡಿಕೆಗೆ ಹವಾಮಾನ ಆಧಾರಿತ ವಿಮೆ ಇದೆ. ಪರಿಹಾರ ತೀರ್ಮಾನವಾಗುವುದು ಪಂಚಾಯಿತಿಯ ಮಾಪಕದ ಲೆಕ್ಕದ ಮೇಲೆ. ಅದಕ್ಕೂ ತೋಟದ ಲೆಕ್ಕಕ್ಕೂ ತಾಳೆಯಾಗದ ತಕರಾರು ಪ್ರತಿ ವರ್ಷದ್ದು. ಅದೇ ಸಭೆಯಲ್ಲಿ ಇನ್ನೊಬ್ಬರು "ಅದಕ್ಕೇ ಅಲ್ವಾ ಬಿಡ್ಬೇಕು? ಮಾಪಕ ಸುಳ್ಳು ಅಂತ ತೋರ್ಸೋಕೆ ನಮ್ಮ ಕೈಲಿ ಬೇರೆ ಏನಿದೆ?" ಎಂದರು. ಒಂದೇ ಅಂಕಿಯನ್ನು ಒಬ್ಬರು ಗುರಾಣಿ ಎಂದುಕೊಂಡರೆ ಇನ್ನೊಬ್ಬರಿಗೆ ಕತ್ತಿಯಾಗಿ ಕಂಡಿತು. ಮೂಲೆಯಲ್ಲಿ ಕೂತಿದ್ದವರೊಬ್ಬರು "ಯಾರು ಒಪ್ಪಿದಾರಮ್ಮ ಇದನ್ನೆಲ್ಲ? ನಿಮ್ಮ ಕಾಲೇಜಿನೋರಾ?" ಎಂದು ಕೇಳಿದರು. ಕಾಫಿ, ಕೇಸರಿಬಾತು ಆಗಿ ಸಭೆ ಚದುರಿತು. ತೀರ್ಮಾನ ಇಲ್ಲ.

ಆ ಕೊನೆಯ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು, ಯಾಕೆಂದರೆ ಉತ್ತರ ನನಗೆ ಗೊತ್ತಿತ್ತು. ಲಾಕ್‌ಡೌನಿನ ದಿನಗಳಲ್ಲಿ ಕಾಲೇಜು ಮುಚ್ಚಿದ್ದಾಗ, ವಿಶ್ವಸಂಸ್ಥೆಯ ಅಂಗವಾದ ಯುನೆಸ್ಕೋದವರ ಮುಕ್ತ ವಿಜ್ಞಾನದ (ಸಂಶೋಧನೆ, ದತ್ತಾಂಶವನ್ನು ಎಲ್ಲರಿಗೂ ತೆರೆದಿಡುವುದರ) ಆನ್‌ಲೈನ್ ಸಮೀಕ್ಷೆಯನ್ನು ಇಲ್ಲೇ ಬಣಕಲ್‌ನಲ್ಲಿ, ಅಂಗಳದ ತುದಿಗೆ ಹೋಗಿ ಸಿಗ್ನಲ್ ಹಿಡಿದು ನಾನೂ ತುಂಬಿದ್ದೆ. 2019ರ ನವೆಂಬರಿನಲ್ಲಿ ಪ್ಯಾರಿಸ್ಸಿನ 40ನೇ ಮಹಾಸಮ್ಮೇಳನದಲ್ಲಿ 193 ಸದಸ್ಯ ದೇಶಗಳು ಸೇರಿ, ಇದಕ್ಕೊಂದು ಅಂತರರಾಷ್ಟ್ರೀಯ ಶಿಫಾರಸು ಬರೆಯಿರಿ ಎಂದು ಯುನೆಸ್ಕೋಗೆ ಕೆಲಸ ಒಪ್ಪಿಸಿದ್ದವು. ಬರೆಯುವ ಮುಂಚೆ ವಿಜ್ಞಾನಿಗಳು, ಗ್ರಂಥಾಲಯಗಳು, ಪ್ರಕಾಶಕರು, ಸಾಮಾನ್ಯ ಜನ ಎಲ್ಲರ ಅಭಿಪ್ರಾಯ ಕೇಳಬೇಕು ಎಂದು ಸಮೀಕ್ಷೆ, ವಲಯವಾರು ಸಭೆಗಳು. ಆ ಹೊತ್ತಿಗೆ ಸರಿಯಾಗಿ ಕೊರೊನಾ ಬಂದು ಎಲ್ಲ ಪರದೆಗೆ ಸರಿಯಿತು. 2020ರ ಸೆಪ್ಟೆಂಬರ್ ಹೊತ್ತಿಗೆ ಮೊದಲ ಕರಡು ಎಲ್ಲ ದೇಶಗಳಿಗೂ ಹೋಯಿತು, ಟಿಪ್ಪಣಿಗಳು ವಾಪಸ್ ಬಂದವು. 2021ರ ಮೇನಲ್ಲಿ ಸರ್ಕಾರಗಳ ಪ್ರತಿನಿಧಿಗಳು ಆನ್‌ಲೈನಿನಲ್ಲೇ ಕೂತು ಪಠ್ಯವನ್ನು ತಿದ್ದಿದರು. 2021ರ ನವೆಂಬರ್ 23ರಂದು 41ನೇ ಮಹಾಸಮ್ಮೇಳನ ಅದನ್ನು ಅಂಗೀಕರಿಸಿತು.

ಎರಡನೇ ಸಭೆಗೆ ಮುಂಚೆ ಆ ಶಿಫಾರಸನ್ನು ಮತ್ತೆ ತೆಗೆದು ಓದಿದೆ. ಈ ಸಲ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಭಾಗ. ಸಾಧ್ಯವಾದಷ್ಟೂ ತೆರೆದಿರಲಿ, ಅಗತ್ಯವಿದ್ದಷ್ಟು ಮಾತ್ರ ಮುಚ್ಚಿರಲಿ ಎಂಬ ಸೂತ್ರದ ಜೊತೆಗೆ, ಮುಚ್ಚುವುದು ಯಾವಾಗ ನ್ಯಾಯ ಎಂದು ಬಿಡಿಸಿ ಬರೆದಿದ್ದಾರೆ. ಖಾಸಗಿತನ, ದೇಶದ ಭದ್ರತೆ, ಮೂಲನಿವಾಸಿಗಳ ಪವಿತ್ರ ಹಾಗೂ ಗುಪ್ತ ಜ್ಞಾನ, ಅಪರೂಪದ, ಅಳಿವಿನಂಚಿನ ಜೀವಿಗಳ ರಕ್ಷಣೆ. ಬೇರೆ ಬೇರೆ ದಿಕ್ಕಿನ ಅಷ್ಟು ಸರ್ಕಾರಗಳು ಒಂದೇ ಕಾಗದಕ್ಕೆ ಹೂಂ ಅಂದದ್ದು ಈ ಬಾಗಿಲು ಇದ್ದದ್ದರಿಂದಲೇ ಎಂದು ನನಗನ್ನಿಸಿತು. ತೆರೆಯುವುದು ಒಳ್ಳೆಯದು ಎಂದು ಎಷ್ಟು ಹೇಳಿದರೂ ಜನ ಬಗ್ಗುವುದಿಲ್ಲ. ಯಾವುದನ್ನು ತೆರೆಯುವುದಿಲ್ಲ ಎಂದು ಮೊದಲು ಹೇಳಿದರೆ ಮಾತಿಗೆ ಕೂರುತ್ತಾರೆ.

ಹಾಗಾಗಿ ಎರಡನೇ ಸಭೆಗೆ ಭಾಷಣ ಇಡಲಿಲ್ಲ. ಎರಡು ಪುಟದ ಕನ್ನಡ ಕಾಗದ ಮಾಡಿ ವಾರ ಮುಂಚೆಯೇ ಮನೆಮನೆಗೆ ಕೊಟ್ಟೆವು. ಅದರಲ್ಲಿ ಮೊದಲ ಪ್ರಶ್ನೆ: ನಿಮ್ಮ ಪುಸ್ತಕದ ಯಾವ ಸಂಗತಿ ಹೊರಗೆ ಹೋಗಬಾರದು? ಬರೆಯಲು ಹತ್ತು ಸಾಲು ಖಾಲಿ ಜಾಗ. ಒಪ್ಪುತ್ತೀರಾ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ. ಸಭೆಗೆ ಬರುವಾಗ ಎಲ್ಲರ ಜೇಬಿನಲ್ಲೂ ಆ ಕಾಗದ ಇತ್ತು. ಬರೆದಿದ್ದೂ ಭರ್ತಿ. ಬಟವಾಡೆ ಬೇಡ, ಫಸಲಿನ ಲೆಕ್ಕ ಬೇಡ, ಕಾಯಿಲೆ ಕಸಾಲೆ ಬೇಡ, ಗಂಧದ ಮರ ಅಂತೂ ಬೇಡವೇ ಬೇಡ. ಆನೆ ವಿಷಯಕ್ಕೆ ವಾದ ಎದ್ದಿತು. ಆನೆ ದಾರಿ ಗೊತ್ತಾದರೆ ಅರಣ್ಯದವರಿಗೆ ಅನುಕೂಲ ಎಂದು ಒಬ್ಬರು, ತೋಟದ ಬೆಲೆ ಬೀಳುತ್ತದೆ ಎಂದು ಇನ್ನೊಬ್ಬರು. ಅದನ್ನು ಸದ್ಯಕ್ಕೆ ಮುಚ್ಚಿದ್ದರ ಪಟ್ಟಿಗೇ ಸೇರಿಸಿದೆವು. ಹೂ ಅರಳಿದ ದಿನಾಂಕ ಬಿಡಲು ಎಲ್ಲರೂ ಒಪ್ಪಿದರು. ನಕ್ಷತ್ರದ ಕಾಲಮ್ಮಿಗೂ ಹಾಗೇ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗೆ ಹೆಸರು ಹಾಕಿ ಬರೆದ ಪುಸ್ತಕಗಳು ಹಲವು. "ಅದನ್ನ ವಿಜ್ಞಾನದೋರು ಇಟ್ಕತಾರಾ?" ಎಂದು ಅನುಮಾನ ಪಟ್ಟರು. ಶಿಫಾರಸಿನಲ್ಲಿ ಇತರ ಜ್ಞಾನ ಪರಂಪರೆಗಳ ಜೊತೆ ಸಂವಾದ ಎಂಬ ಭಾಗವೇ ಇದೆ ಎಂದು ತೋರಿಸಿದೆ. ಇಟ್ಟಿದ್ದೇವೆ.

"ಈ ಕಾಗದಕ್ಕೆ ಒಪ್ಪಿದ ದೇಶ ಮಾಡದೇ ಇದ್ರೆ ಕೇಳೋರು ಯಾರು?" ಎಂದು ಅದೇ ಮೂಲೆಯವರು. ಕೇಳುವವರಿಲ್ಲ. ಅದು ಶಿಫಾರಸು, ಕಟ್ಟುಪಾಡಿನ ಒಪ್ಪಂದವಲ್ಲ. ಏನು ಮಾಡಿದಿರಿ ಎಂದು ದೇಶಗಳು ನಾಲ್ಕು ವರ್ಷಕ್ಕೊಮ್ಮೆ ವರದಿ ಕೊಡಬೇಕು, ಅಷ್ಟೇ. ಅಮೆರಿಕವಂತೂ ಅಂಗೀಕಾರದ ಹೊತ್ತಿಗೆ ಯುನೆಸ್ಕೋದಲ್ಲೇ ಇರಲಿಲ್ಲ, ಮತ್ತೆ ಸೇರಿದ್ದು 2023ರಲ್ಲಿ. ಇದನ್ನೆಲ್ಲ ಹೇಳಿದೆ. ಹೇಳಿದ್ದರಿಂದ ನಂಬಿಕೆ ಕಡಿಮೆಯಾದಂತೆ ಕಾಣಲಿಲ್ಲ. "ಹಂಗಾದ್ರೆ ನಾವೂ ಹಂಗೇ ಬರ್ಕಳಣ, ವರ್ಷಕ್ಕೊಂದ್ಸಲ ಸೇರಿ ನೋಡೋದು" ಎಂದರು.

ಇನ್ಶೂರೆನ್ಸ್ ಭಯಕ್ಕೆ ಸಿಕ್ಕ ಪರಿಹಾರ ಪೂರ್ತಿಯಲ್ಲ. ಲಾಭಕ್ಕೆ ಬಳಸಬಾರದು ಎಂಬ ಷರತ್ತಿನ ಲೈಸೆನ್ಸ್ ಹಾಕಿ ಎಂದು ಬಹಳ ಜನ ಪಟ್ಟು ಹಿಡಿದರು. ಬರೆದದ್ದನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಹೇಳುವ ಕ್ರಿಯೇಟಿವ್ ಕಾಮನ್ಸ್ ಎಂಬ ಸಿದ್ಧ ಲೈಸೆನ್ಸುಗಳಲ್ಲಿ ಅಂಥದ್ದಿದೆ. ಆದರೆ ಅಂಕಿ ಓದಿ ತಮ್ಮ ಲೆಕ್ಕ ಹಾಕಿಕೊಳ್ಳುವುದನ್ನು ಯಾವ ಲೈಸೆನ್ಸೂ ತಡೆಯುವುದಿಲ್ಲ. ತಡೆಯುವುದು ಯಾರನ್ನು ಅಂದರೆ, ನಮ್ಮ ಅಂಕಿಗಳನ್ನು ಹಾಕಿ ಪುಸ್ತಕ ಅಚ್ಚು ಮಾಡುವ ಸಣ್ಣ ಪ್ರಕಾಶಕರನ್ನು, ಬೆಳೆ ಸಲಹೆ ಕೊಟ್ಟು ಬದುಕುವ ನಮ್ಮೂರ ಹುಡುಗರನ್ನು. ಇದು ಮನದಟ್ಟಾಗಲು ಸಂಜೆಯಾಯಿತು. ಕೊನೆಗೆ ಹೆಸರು ಹೇಳಿ ಯಾರು ಬೇಕಾದರೂ ಬಳಸಿ ಎಂಬ ಸಿಸಿ ಬೈ 4.0 ಲೈಸೆನ್ಸ್ ಗೊತ್ತಾಯಿತು. ಬದಲಿಗೆ ತೋಟದ ಹೆಸರು ತೆಗೆದು ಅಂಕಿ ಸಂಖ್ಯೆ ಕೊಡುವುದು, ಜಾಗದ ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಎರಡೇ ಸ್ಥಾನಕ್ಕೆ ನಿಲ್ಲಿಸುವುದು. ಅಂದರೆ ಒಂದು ಕಿಲೋಮೀಟರ್ ಆಚೀಚೆ. ಒಂದೇ ಸ್ಥಾನ ಸಾಕು ಎಂದು ಹಟ ಹಿಡಿದವರದ್ದು ಹನ್ನೊಂದು ಕಿಲೋಮೀಟರ್ ಆಚೀಚೆ ಆಗುತ್ತದೆ. ಘಟ್ಟದ ಅಂಚಿನಲ್ಲಿ ಹನ್ನೊಂದು ಕಿಲೋಮೀಟರ್ ಅಂದರೆ ಬೇರೆಯದೇ ಮಳೆ, ಆ ಲೆಕ್ಕದ ಅರ್ಧ ಬೆಲೆ ಹೋದಂತೆ. ಆದರೂ ಕೇಳಿದವರಿಗೆ ಹಾಗೇ ಮಾಡಿಕೊಟ್ಟೆವು.

ಒಂದು ವಿಷಯ ಮೊದಲೇ ಬಾಯಿಬಿಟ್ಟು ಹೇಳಿಬಿಡಿ: ಈ ಲೈಸೆನ್ಸ್ ಒಮ್ಮೆ ಕೊಟ್ಟರೆ ವಾಪಸ್ ಪಡೆಯುವ ಹಾಗಿಲ್ಲ. ಪ್ರಕಟಣೆಯ ಹಿಂದಿನ ದಿನದವರೆಗೂ ಹಿಂದೆ ಸರಿಯಬಹುದು, ಆಮೇಲಿಲ್ಲ ಎಂದು ನಮ್ಮ ಒಪ್ಪಿಗೆ ಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೆವು. ಅದನ್ನು ಓದಿಯೇ ಹದಿನೈದನೇ ತೋಟದವರು ಹಿಂದೆ ಸರಿದರು. ಬೇಜಾರಾಯಿತು, ಅವರದ್ದೇ ಎಲ್ಲಕ್ಕಿಂತ ಅಂದವಾದ ಅಕ್ಷರ. ಪಾಲಾದ ಮನೆಯ ಅಣ್ಣತಮ್ಮಂದಿರು ಮೂವರೂ ಒಂದೇ ಕಾಗದದ ಮೇಲೆ ಸಹಿ ಹಾಕಲು ಒಲ್ಲೆ ಎಂದರು, ಮೂರು ಬೇರೆ ಕಾಗದ ಮಾಡಿಸಿದೆವು. ಅಮೆರಿಕದ ಮಗ ಸಹಿ ಮಾಡಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಮಾರಿದವರನ್ನೂ ಕೊಂಡವರನ್ನೂ ಇಬ್ಬರನ್ನೂ ಕೇಳಿದೆವು. ಬರೆದ ರೈಟರುಗಳ ಮನೆಗೂ ಹೋದೆವು, ಅದಕ್ಕೆ ಕಾನೂನಿನ ಒತ್ತಾಯ ಏನಿರಲಿಲ್ಲ. ಮೂವತ್ತೆಂಟು ವರ್ಷ ಒಂದೇ ತೋಟದ ಮಳೆ ಬರೆದವರೊಬ್ಬರ ಹೆಂಡತಿ "ಅವ್ರ ಹೆಸ್ರು ಹಾಕ್ತೀರಾ?" ಎಂದು ಕೇಳಿದರು. ತೋಟಗಳ ಹೆಸರು ಮುಚ್ಚಿದರೂ ಒಪ್ಪಿದ ರೈಟರುಗಳ ಹೆಸರು ದಾಖಲೆಯಲ್ಲಿ ಇದೆ, ಯಾವ ತೋಟ ಎಂದು ತಿಳಿಯದ ಹಾಗೆ.

ಇನ್ನು ಟೈಪಿಂಗಿನ ಕಥೆ. ಪುಟಗಳ ಫೋಟೋ ತೆಗೆದದ್ದು ಮೊಬೈಲಿನಲ್ಲೇ, ಸ್ಟ್ಯಾಂಡ್ ಇಟ್ಟುಕೊಂಡು. ಮಳೆಗಾಲದಲ್ಲಿ ಪುಸ್ತಕ ಬಿಚ್ಚಬೇಡಿ, ಹಾಳೆಗಳು ಅಂಟಿಕೊಂಡಿರುತ್ತವೆ. ಬಿಸಿಲು ಬರುವ ತನಕ ಕಾಯಿರಿ. ಡಿಗ್ರಿ ಹುಡುಗಿಯರು ಪುಟಕ್ಕಿಷ್ಟು ಎಂದು ಟೈಪ್ ಮಾಡಿಕೊಟ್ಟರು. ಒಬ್ಬಳು ಷರಾವನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಹೊಡೆದಿದ್ದಳು, ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಗೀಚು. ಎಲ್ಲ ಕಂಪ್ಯೂಟರಿಗೂ ಓದಲು ಬರುವ ಯುನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದಬೇಕಾಯಿತು. ಶುರುವಿನಿಂದಲೇ ಯುನಿಕೋಡಿನಲ್ಲಿ ಟೈಪ್ ಮಾಡಿಸಿ. ಸಿಎಸ್‌ವಿ ಫೈಲನ್ನು (ಅಂಕಿಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿ) ಎಕ್ಸೆಲ್ಲಿನಲ್ಲಿ ನೇರ ಡಬಲ್ ಕ್ಲಿಕ್ ಮಾಡಿದರೆ ಕನ್ನಡ ಕೆಡುತ್ತದೆ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ಯುನಿಕೋಡಿನ ಯುಟಿಎಫ್-8 ಆಯ್ದುಕೊಳ್ಳಬೇಕು.

ಇದಕ್ಕಿಂತ ಕಾಡಿದ್ದು "3-5". ಹಳೆಯ ರೈಟರುಗಳು ಮೂರು ಇಂಚು ಐದು ಸೆಂಟ್ಸ್ ಅನ್ನು ಹಾಗೆ ಬರೆಯುತ್ತಿದ್ದರು. ಎಕ್ಸೆಲ್ಲಿಗೆ ಅದು ದಿನಾಂಕ, ಟೈಪ್ ಮಾಡಿದ ಕೂಡಲೇ ಮೇ ತಿಂಗಳೋ ಮಾರ್ಚ್ ತಿಂಗಳೋ ಆಗಿಬಿಡುತ್ತದೆ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಬದಲಿಸಿಡಿ. ಕೆಲವರು ಅಡ್ಡಗೆರೆಯ ಬದಲು ಚುಕ್ಕೆ ಇಟ್ಟಿದ್ದಾರೆ. 2.5 ಅಂದರೆ ಎರಡು ಇಂಚು ಐದು ಸೆಂಟ್ಸೋ, ಎರಡೂವರೆ ಇಂಚೋ? ಮೊದಲನೆಯದಾದರೆ 52 ಮಿಲಿಮೀಟರ್, ಎರಡನೆಯದಾದರೆ 63.5. ಪುಟದ ಬುಡದಲ್ಲಿ ರೈಟರ್ ತಿಂಗಳ ಒಟ್ಟು ಹಾಕಿರುತ್ತಾನೆ. ಎರಡೂ ರೀತಿ ಕೂಡಿ ನೋಡಿದರೆ ಒಂದು ಮಾತ್ರ ಆ ಒಟ್ಟಿಗೆ ಹೊಂದುತ್ತದೆ. ಹೊಂದದ ತಿಂಗಳುಗಳೂ ಇದ್ದವು. ಅವನ್ನು ತಿದ್ದಲಿಲ್ಲ, ಪಕ್ಕದಲ್ಲಿ 'ಸಂಶಯ' ಎಂದು ಗುರುತು ಹಾಕಿದೆವು.

ಇನ್ನೊಂದು: ಬೆಳಿಗ್ಗೆ ಎಂಟಕ್ಕೆ ಅಳೆದ ನೀರು ಯಾವ ದಿನದ್ದು? ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆಯನ್ನು ಅಳೆದ ದಿನಕ್ಕೇ ಬರೆಯುತ್ತದೆ. ನಮ್ಮ ತೋಟಗಳಲ್ಲಿ ಅರ್ಧ ಜನ ಹಾಗೆ, ಅರ್ಧ ಜನ "ಮಳೆ ಬಿದ್ದಿದ್ದು ನಿನ್ನೆ ಅಲ್ವಾ" ಎಂದು ಹಿಂದಿನ ದಿನಕ್ಕೆ. ಚಾರ್ಮಾಡಿ ಘಾಟಿ ಬಂದ್ ಆಗಿದ್ದ 2019ರ ಆಗಸ್ಟ್ ಮಳೆಯ ವಾರವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ದಿನದ ವ್ಯತ್ಯಾಸ ಎದ್ದು ಕಂಡಿತು. ಯಾವ ತೋಟದ ಪದ್ಧತಿ ಯಾವುದು ಎಂದು ಬೇರೆ ಕಾಲಮ್ಮು ಮಾಡಿದ್ದೇವೆ. ಈ ವಿವರಗಳಿಲ್ಲದೆ ಅಂಕಿ ಬಿಟ್ಟರೆ ಬಿಡದಿರುವುದೇ ಲೇಸು.

ಇಟ್ಟಿದ್ದು ಝೆನೊಡೊದಲ್ಲಿ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದವರು 2013ರಿಂದ ನಡೆಸುವ ಭಂಡಾರ. ದುಡ್ಡಿಲ್ಲ, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ, ಕೂಡಲೇ ಡಿಒಐ ಎಂಬ ಶಾಶ್ವತ ಸಂಖ್ಯೆ. ಪ್ರಕಟಿಸಲು ದುಡ್ಡೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ದೊಡ್ಡ ಜರ್ನಲ್‌ಗಳಲ್ಲಿ ಲೇಖನವನ್ನು ಮುಕ್ತವಾಗಿಡಲು ಲೇಖಕರೇ ಶುಲ್ಕ ಕಟ್ಟುವ ಪದ್ಧತಿ ಇದೆ, ನೇಚರ್ 2021ರಲ್ಲಿ ಇದನ್ನು ಶುರು ಮಾಡಿದಾಗ 9,500 ಯೂರೋ ಇಟ್ಟಿತ್ತು. ದತ್ತಾಂಶ ಇಡುವುದಕ್ಕೆ ಅದ್ಯಾವುದೂ ಬೇಡ. "ನಮ್ಮ ಮಳೆ ಪರದೇಶದಲ್ಲಿ ಯಾಕೆ ಇರ್ಬೇಕು?" ಎಂಬ ತಕರಾರೂ ಬಂತು. ಒಂದು ಪ್ರತಿ ನಮ್ಮ ಲೈಬ್ರರಿಯಲ್ಲಿ, ಇನ್ನೊಂದು ಸೊಸೈಟಿಯ ಬೀರುವಿನಲ್ಲಿ ಎಂದ ಮೇಲೆ ತಣ್ಣಗಾದರು. ಪುಟಗಳ ಫೋಟೋ ಮಾತ್ರ ಎಲ್ಲೂ ಏರಿಸಿಲ್ಲ. 'ಪಬ್ಲಿಷ್' ಒತ್ತುವ ಮುಂಚೆ ಬೇರೆಯವರಿಂದ ಓದಿಸಿ. ಆಮೇಲೆ ವಿವರಣೆ ತಿದ್ದಬಹುದು, ಫೈಲ್ ಬದಲಿಸಬೇಕಾದರೆ ಹೊಸ ಆವೃತ್ತಿಯನ್ನೇ ಮಾಡಬೇಕು.

ಖರ್ಚು ಒಟ್ಟು ನಲವತ್ತು ಸಾವಿರದ ಒಳಗೆ. ಮುಕ್ಕಾಲು ಪಾಲು ಟೈಪಿಂಗಿಗೆ, ಉಳಿದದ್ದು ಜೆರಾಕ್ಸು, ಪೆನ್‌ಡ್ರೈವು, ಸಭೆಗಳ ತಿಂಡಿ, ಜೀಪಿನ ಬಾಡಿಗೆ. ಸೊಸೈಟಿ ಹತ್ತು ಸಾವಿರ ಕೊಟ್ಟಿತು, ಮಿಕ್ಕಿದ್ದನ್ನು ನಾಲ್ಕು ತೋಟದವರು ಹಂಚಿಕೊಂಡರು. ಒಪ್ಪಿಗೆ ಪತ್ರ ಬಿಳಿ ಹಾಳೆಯಲ್ಲೇ, ಛಾಪಾ ಕಾಗದ ಬಳಸಲಿಲ್ಲ. ಛಾಪಾ ಕಾಗದ ಕಂಡರೆ ನಮ್ಮ ಕಡೆ ಅರ್ಧ ಜನ ಓಡಿಹೋಗುತ್ತಾರೆ.

ಪ್ರಕಟವಾದ ಎರಡನೇ ವಾರಕ್ಕೆ ಹೊರರಾಜ್ಯದ ವಿಶ್ವವಿದ್ಯಾಲಯದಿಂದ ಒಂದು ಮೇಲ್ ಬಂತು. ಮಳೆ ಜೊತೆಗೆ ಫಸಲಿನ ಲೆಕ್ಕವೂ ಇದೆಯಂತಲ್ಲ, ಅದನ್ನೂ ಕೊಡಲು ಸಾಧ್ಯವೇ, ಹೆಸರು ಗುಟ್ಟಾಗಿಡುತ್ತೇವೆ ಎಂದು. ನಾಲ್ಕು ತೋಟದವರು ಕೊಡೋಣ ಎನ್ನುತ್ತಿದ್ದಾರೆ. ಇನ್ಶೂರೆನ್ಸ್ ಪ್ರಶ್ನೆ ಎತ್ತಿದ್ದ ಹಿರಿಯರು ಫೋನಿನಲ್ಲೇ "ಅದು ಬೇರೆ ಮಾತು ಕಣಮ್ಮ, ಅದಕ್ಕೆ ಬೇರೆ ಕಾಗದ, ಬೇರೆ ಸಭೆ" ಎಂದಿದ್ದಾರೆ. ಕೊಯ್ಲು ಮುಗಿಯುವವರೆಗೆ ಏನೂ ಹೇಳಲಾಗದು, ಮಾರ್ಚ್‌ನಲ್ಲಿ ಕೇಳಿ ಎಂದು ಉತ್ತರ ಬರೆದಿದ್ದೇನೆ.